ಕರಾರಿಲ್ಲದ ಖೋಲಿ

ಮೊನ್ನೆ ಮುಂಜಾನೆ ಊರ ಬಂಧುವೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದು ಮಾತಿಲ್ಲದೆ ಕುಳಿತರು. ಚಹ ಬಂತು, ಕುಡಿಯಲಿಲ್ಲ. ಆರು ವರ್ಷಗಳಿಂದ ಮುಂಬಯಿಯ ಚಾಳೊಂದರ ಖೋಲಿಯಲ್ಲಿ ಸಂಸಾರ ಹೂಡಿರುವವರು ಅವರು. ತಿಂಗಳು ತಪ್ಪದೆ ಬಾಡಿಗೆ ಕೊಟ್ಟಿದ್ದಾರೆ; ಕರಾರುಪತ್ರವಿಲ್ಲ, ರಸೀದಿಯೂ ಇಲ್ಲ. ಹದಿನೈದು ದಿನಗಳಲ್ಲಿ ಬಿಡದಿದ್ದರೆ ಸಾಮಾನು ಬೀದಿಗೆಂದು ಮಾಲಕರು ಹೇಳಿದರಂತೆ. "ಕಾಗದವಿಲ್ಲದವನಿಗೆ ಯಾವ ಕಾಯಿದೆ, ಸ್ವಾಮಿ?" ಎಂದರು.

ಈ ಭಯ ನಮಗೆ ಅಪರಿಚಿತವಲ್ಲ. ನಾವು ಮೊದಲು ಹೋಟೆಲು ತೆರೆದ ಜಾಗವೂ ಬಾಯಿಮಾತಿನದೇ. ಮಾಲಕರ ಮೆಟ್ಟಿನ ಸಪ್ಪಳ ಕೇಳಿದರೆ ಗಲ್ಲಾದಲ್ಲಿ ಕುಳಿತಲ್ಲೇ ಎದೆ ಹಾರುತ್ತಿತ್ತು. ಅಂದು ನಮಗೆ ತಿಳಿಯದಿದ್ದುದನ್ನು ಇಂದು ವಾಚಕರ ಮುಂದಿಡುತ್ತೇವೆ.

2000ನೆಯ ಇಸವಿ ಮಾರ್ಚ್ 31ರಂದು ಜಾರಿಗೆ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನಂತೆ, ಕರಾರನ್ನು ಬರೆಯಿಸಿ ನೋಂದಾಯಿಸುವ ಹೊಣೆ ಮಾಲಕರದು, ಬಾಡಿಗೆದಾರನದಲ್ಲ. ನೋಂದಣಿಯಾಗದಿದ್ದಲ್ಲಿ, ಜಾಗವನ್ನು ಯಾವ ಷರತ್ತುಗಳ ಮೇಲೆ ಕೊಡಲಾಯಿತೆಂಬ ವಿಷಯದಲ್ಲಿ ಬಾಡಿಗೆದಾರನ ಮಾತೇ ನಿಲ್ಲುತ್ತದೆ. ಅದನ್ನು ಸುಳ್ಳೆಂದು ತೋರಿಸುವ ಭಾರ ಮಾಲಕರ ಮೇಲೆ. ಕಾಗದವಿಲ್ಲದಿರುವುದು ಯಾರ ದೌರ್ಬಲ್ಯವೆಂಬುದನ್ನು ನಮ್ಮವರು ತಿರುಗುಮುರುಗಾಗಿ ತಿಳಿದಿದ್ದಾರೆ! ರಸೀದಿ ಕೊಡುವುದೂ ಮಾಲಕರ ಕರ್ತವ್ಯವೇ.

ಬಾಡಿಗೆದಾರನನ್ನು ಬಿಡಿಸಬೇಕಾದರೆ ನ್ಯಾಯಾಲಯದ ಆಜ್ಞೆ ಬೇಕು; ಮುಂಬಯಿಯಲ್ಲಿ ಅದು ಸ್ಮಾಲ್ ಕಾಸಸ್ ಕೋರ್ಟು. ಬಾಡಿಗೆ ಬಾಕಿಯೆಂದು ದಾವೆ ಹೂಡುವುದಕ್ಕೂ ಮೊದಲು ಲಿಖಿತ ನೋಟೀಸು ಕೊಟ್ಟು 90 ದಿನ ಕಾಯಬೇಕು. ನಡುವೆ ನೀರು, ವಿದ್ಯುತ್ತು ಕಡಿದು ಹಾಕುವಂತಿಲ್ಲ. ಬಲಾತ್ಕಾರದಿಂದ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 6ನೆಯ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಜಾಗವನ್ನು ಮರಳಿ ಕೇಳಬಹುದು.

ಹಾಗೆಂದು ಖೋಲಿ ನಮ್ಮದೇ ಆಯಿತೆಂದು ಯಾರೂ ಬೀಗಬಾರದು. ಮಾಲಕರಿಗೆ ಸ್ವಂತ ವಾಸಕ್ಕೆ ನಿಜವಾಗಿ ಬೇಕಾದರೆ, ಅಥವಾ ನಾವು ಅನುಮತಿಯಿಲ್ಲದೆ ಒಳಬಾಡಿಗೆಗೆ ಕೊಟ್ಟಿದ್ದರೆ, ಕೋರ್ಟು ಬಿಡಿಸಬಹುದು. 'ಲೀವ್ ಅಂಡ್ ಲೈಸೆನ್ಸ್' ಪತ್ರಕ್ಕೆ ಸಹಿ ಹಾಕಿದವರ ಹಾದಿಯೇ ಬೇರೆ. ಅವಧಿ ಮುಗಿದೊಡನೆ ಅವರು ಬಿಡಲೇಬೇಕು. ಓದದೆ ಸಹಿ ಹಾಕುವ ನಮ್ಮವರು ಇದನ್ನು ಗಮನಿಸಬೇಕು.

ಬಾಡಿಗೆಯನ್ನು ಮಾತ್ರ ನಿಲ್ಲಿಸಕೂಡದು. ಮಾಲಕರು ಒಲ್ಲೆನೆಂದರೆ, ಕೊಡಲು ಸಿದ್ಧನೆಂದು ಸ್ಪೀಡ್ ಪೋಸ್ಟಿನಲ್ಲಿ ಬರೆದು ಪ್ರತಿಯನ್ನಿಟ್ಟುಕೊಂಡು ವಕೀಲರನ್ನು ಕಾಣಬೇಕು. ಅಲ್ಲಿ ವಾಸವಿದ್ದುದಕ್ಕೆ, ಬಾಡಿಗೆ ಕೊಟ್ಟುದಕ್ಕೆ ಕುರುಹು ಬೇಕು: ಗ್ಯಾಸ್ ಪುಸ್ತಕ, ಮಕ್ಕಳ ಶಾಲೆಯ ಕಾಗದ, ನೆರೆಯವರ ಸಾಕ್ಷ್ಯ.

ಇಷ್ಟು ಕೇಳಿದ ಮೇಲೆ ಬಂಧುಗಳು ಮೊಬೈಲನ್ನು ಹೊರತೆಗೆದರು. ಮೊದಲೆರಡು ವರ್ಷ ನಗದು. ಆಮೇಲಿನ ನಾಲ್ಕು ವರ್ಷಗಳ ಬಾಡಿಗೆ ಮಾಲಕರ ಖಾತೆಗೇ ಹೋಗಿತ್ತು. ತಣ್ಣಗಾದ ಚಹವನ್ನು ಒಂದೇ ಗುಟುಕಿಗೆ ಮುಗಿಸಿ, ಬ್ಯಾಂಕು ಎಷ್ಟು ಗಂಟೆಗೆ ತೆರೆಯುತ್ತದೆಂದು ಕೇಳಿದರು.