ಹುಕ್ಕು ಹಚ್ಚುವ ನೆಪದಲ್ಲಿ

ನಮ್ಮೂರು ಸೂಡಿಯಲ್ಲಿ ಕಷ್ಟ ಕೇಳುವವರಿಗೇನೂ ಕೊರತೆಯಿಲ್ಲ. ನಳದ ಹತ್ತಿರ, ಗಿರಣಿಯಲ್ಲಿ, ಜೋಡುಕಳಸದ ಗುಡಿಯ ಕಟ್ಟೆಯ ಮೇಲೆ ಯಾರಾದರೂ ‘ಯಾಕವ್ವಾ, ಮಾರಿ ಬಾಡೈತಲ್ಲ?’ ಅಂತ ಕೇಳೇ ಕೇಳುತ್ತಾರೆ. ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರು ಮಾತ್ರ ಕಡಿಮೆ. ಮುಂಜಾನೆ ಆಡಿದ ಮಾತು ಸಂಜೆಯೊಳಗೆ ಅತ್ತಿಯ ಕಿವಿಗೆ ಬಿದ್ದಿರುತ್ತದೆ, ಮರುದಿನ ತವರಿನಿಂದ ಫೋನು.

ನಾನು ಮನೆಯಲ್ಲೇ ಜಂಪರು ಹೊಲಿಯುವವಳು. ಗಂಡ ಗೋವಾದಲ್ಲಿ ಗೌಂಡಿ ಕೆಲಸಕ್ಕಿದ್ದಾರೆ. ಮನೆಯಲ್ಲಿ ಎರಡು ಮಕ್ಕಳು, ಹಾಸಿಗೆ ಹಿಡಿದ ಮಾವ. ಸಣ್ಣವನಿಗೆ ನಾಲ್ಕು ವರ್ಷವಾದರೂ ಮಾತು ಸರಿಯಾಗಿ ಬಂದಿಲ್ಲ; ರಾತ್ರಿಯೆಲ್ಲ ಕಿರುಚುತ್ತಾನೆ. ಬಾಗಿಲು ತೆಗೆದು ಎತ್ತಲಾದರೂ ಹೋಗಿಬಿಡಬೇಕು ಅನ್ನಿಸುತ್ತಿತ್ತು. ಹಾಗಂತ ಬಾಯಿಬಿಟ್ಟರೆ ‘ಹಡದಾಕಿ ಹಿಂಗಂತಾಳೇನು?’ ಅನ್ನುತ್ತಾರೆ. (11ನೇ ಶತಮಾನದಲ್ಲಿ ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳಿದಳು, ಸೂಡಿ ಆಕೆಯ ನೆಲೆ. ಗುಡಿ ನೋಡಲು ಬಂದವರಿಗೆ ಅದನ್ನು ಹೆಮ್ಮೆಯಿಂದ ಹೇಳುತ್ತೇವೆ. ಮನೆಯ ಹೆಣ್ಣಿಗೆ ಮಾತ್ರ ‘ಸಾಕಾಗೈತಿ’ ಅನ್ನಲು ಬಿಡುವುದಿಲ್ಲ.)

ನಮ್ಮ ಸ್ತ್ರೀಶಕ್ತಿ ಸಂಘದ ಒಬ್ಬಾಕೆ ಜಂಪರಿಗೆ ಹುಕ್ಕು ಹಚ್ಚಿಸಲು ಬಂದಳು. ಅರಿವೆ ಕೊಟ್ಟವಳು ಹೋಗಲಿಲ್ಲ, ಮಷಿನ್ನಿನ ಪಕ್ಕ ಕುಂತಳು. ‘ನಿನ್ನ ಹುಡುಗ ಅಳೂದು ನಮ್ಮನಿತನಕ ಕೇಳತೈತಿ. ನೀ ಹೆಂಗದಿ?’ ಅಂದಳು. ಅಲ್ಲಿಯವರೆಗೆ ಎಲ್ಲರೂ ವಿಚಾರಿಸಿದ್ದು ಹುಡುಗನನ್ನೇ. ಅವಳೇ ಎದ್ದು ಬಾಗಿಲು ಮುಂದೆ ಮಾಡಿ, ‘ಇಲ್ಲಿ ಆಡಿದ್ದು ಇಲ್ಲೇ. ನನ್ನ ಗಂಡಗೂ ಹೇಳಂಗಿಲ್ಲ, ನಿನ್ನ ಗಂಡಗೂ ಹೇಳಂಗಿಲ್ಲ’ ಅಂದಳು. ನಾನು ಹೇಳಿದ್ದನ್ನೆಲ್ಲ ಕೇಳಿದಳು. ಹರಕೆ, ಔಷಧಿ, ಬುದ್ಧಿಮಾತು ಯಾವುದೂ ಇಲ್ಲ. ‘ನನಗೂ ಹಂಗ ಅನಸಿತ್ತು, ಒಂದ ಸಲ ಅಲ್ಲ’ ಅಂದಳು, ಅಷ್ಟೇ. ಅವಳ ಹಿರಿಮಗಳೂ ತಡವಾಗಿ ಮಾತು ಕಲಿತವಳು. ಮುಂದೆ ಹುಡುಗನನ್ನು ಡಾಕ್ಟರರಿಗೆ ತೋರಿಸಲು ಗದಗಿಗೆ ಕರೆದೊಯ್ದಾಗಲೂ ಜೊತೆಗೆ ಬಂದಳು. ಈಗಲೂ ಬರುತ್ತಾಳೆ, ಕೈಯಲ್ಲಿ ಒಂದು ಜಂಪರು ಇದ್ದೇ ಇರುತ್ತದೆ. ಓಣಿಯವರಿಗೆ ಕಾರಣ ಹೇಳಬೇಕಲ್ಲ!

ತಾಯಿಯ ಕಷ್ಟವನ್ನು ಇನ್ನೊಬ್ಬ ತಾಯಿ ಹೀಗೆ ಗುಟ್ಟಾಗಿ ಕೇಳುವುದೇನೂ ಹೊಸದಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ತನ್ನ ಮಗುವಿಗೆ ತಾನೇ ಏನಾದರೂ ಮಾಡಿಬಿಟ್ಟೇನು ಎಂದು ಹೆದರಿದ ತಾಯಿಯೊಬ್ಬಳು ಸಮಾಜ ಕಾರ್ಯಕರ್ತರೊಬ್ಬರ ನೆರವಿನಿಂದ ಅಂಥ ತಾಯಂದಿರ ಕೂಟ ಕಟ್ಟಿದಳು. 1969ರಲ್ಲಿ ಹುಟ್ಟಿದ ‘ಪೇರೆಂಟ್ಸ್ ಅನಾನಿಮಸ್’ ಅದು. ಹೆಸರು ಹೊರಗೆ ಹೋಗಬಾರದು ಎನ್ನುವುದು ಕೂಟದ ಹೆಸರಿನಲ್ಲೇ ಇದೆ. ನನ್ನ ಗಂಡ ದುಡಿಯುವ ಗೋವಾದಲ್ಲೂ ಸ್ಥಳೀಯ ಹೆಂಗಸರಿಗೇ ತರಬೇತಿ ಕೊಟ್ಟು, ಖಿನ್ನತೆಯಲ್ಲಿದ್ದ ಬಸುರಿಯರನ್ನು ಮಾತಾಡಿಸುವ ಪ್ರಯೋಗ ನಡೆದಿತ್ತು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ ಆರು ತಿಂಗಳಿಗೆ ಚೇತರಿಸಿಕೊಂಡವರು ಹಾಗೆ ಮಾತಾಡಿಸಿಕೊಂಡವರ ಗುಂಪಿನಲ್ಲೇ ಹೆಚ್ಚಿದ್ದರು. ಪವಾಡವೇನಲ್ಲ, ಆದರೂ ನನ್ನಂಥವರಿಗೆ ಅದು ಸಣ್ಣದೂ ಅಲ್ಲ.

ಗುಟ್ಟಿಗೂ ಒಂದು ಗಡಿ ಬೇಕು. ಮಗುವಿನ ಮೈಗೆ ಪೆಟ್ಟಾಗುವಂತಿದ್ದರೆ, ತಾಯಿ ಸಾಯುವ ಮಾತಾಡಿದರೆ, ಬಾಯಿ ಮುಚ್ಚಿಕೊಂಡು ಕೂರಬಾರದು. ಇದನ್ನು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೇವೆ. ಮಕ್ಕಳ ರಕ್ಷಣೆಗೆ 1098 ಇದೆ. ಮನಸ್ಸಿನ ಕಷ್ಟಕ್ಕೆ ಟೆಲಿ ಮನಸ್, 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ಅಲ್ಲಿ ಮಾತಾಡುವವರು ತರಬೇತಿ ಪಡೆದ ಸಮಾಲೋಚಕರು, ನಮ್ಮಂಥ ತಾಯಂದಿರೇ ಆಗಿರಬೇಕೆಂದಿಲ್ಲ. ಆದರೆ ಓಣಿಯಲ್ಲಿ ನಂಬುವವರು ಯಾರೂ ಇಲ್ಲದವರಿಗೆ ಅದೇ ಮೇಲು, ಎದುರಿಗಿರುವವರು ನಮ್ಮ ಅತ್ತಿಯ ಗುರುತಿನವರಲ್ಲವಲ್ಲ. ಚಿಕಿತ್ಸೆಗೆ ಹೋದರೂ ಅಂಜಬೇಕಿಲ್ಲ: ರೋಗಿಯ ವಿಷಯ ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

14416ಕ್ಕೆ ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯೂ ಫೋನು ಹಚ್ಚಬಹುದು. ಅಪ್ಪಂದಿರಿಗೂ ಅದೇ ನಂಬರು.