ತಿಂಗಳ ಸಾಮಾನಿನ ಚೀಟಿ

ಒಂದು ಮನೆಯವರು ಏನು ಉಣ್ಣುತ್ತಾರೆಂದು ತಿಳಿಯಬೇಕಾದರೆ ಅವರ ತಿಂಗಳ ಸಾಮಾನಿನ ಚೀಟಿಯನ್ನು ನೋಡಬೇಕು. ಹಬ್ಬಕ್ಕೆ ಏನು ಮಾಡಿದರು, ನೆಂಟರಿಗೆ ಏನು ಬಡಿಸಿದರು ಎಂಬುದು ಅಲ್ಲಿ ಕಾಣದು. ಅಕ್ಕಿ ಎಷ್ಟು ಕಿಲೋ, ತೊಗರಿಬೇಳೆ ಎಷ್ಟು, ಎಣ್ಣೆ ಎಷ್ಟು ಲೀಟರ್, ಸಕ್ಕರೆ ಎಷ್ಟು ಎಂಬ ಹತ್ತಿಪ್ಪತ್ತು ಸಾಲುಗಳಲ್ಲಿ ಆ ಮನೆಯ ಮೂವತ್ತು ದಿನಗಳ ಊಟ ಅಡಗಿರುತ್ತದೆ. ಊಟದ ರೂಢಿ ಬದಲಿಸಲು ಹೊರಟವರು ಸಾಮಾನ್ಯವಾಗಿ ತಟ್ಟೆಯ ಮುಂದೆ ಕೂತಾಗ, ಹಸಿವು ಜೋರಾಗಿರುವಾಗ, ಮನಸ್ಸನ್ನು ಬಿಗಿಹಿಡಿಯಲು ನೋಡುತ್ತಾರೆ. ಅಷ್ಟರಲ್ಲಿ ಅಡುಗೆ ಆಗಿಹೋಗಿರುತ್ತದೆ. ಕುಕ್ಕರಿನಲ್ಲಿ ಅನ್ನ ತುಂಬಿದ್ದು ಪಲ್ಯದ ಬಟ್ಟಲು ಚಿಕ್ಕದಾಗಿದ್ದರೆ ಎಂಥ ಸಂಕಲ್ಪವೂ ಎರಡು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ. ಬದಲಾವಣೆ ಶುರುವಾಗಬೇಕಾದ್ದು ಚೀಟಿ ಬರೆಯುವಾಗ.

ಚೀಟಿಗೆ ಒಂದು ಅಳತೆಗೋಲು ಬೇಕಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ದಿನಕ್ಕೆ 2000 ಕ್ಯಾಲೊರಿಯ ಒಂದು ಮಾದರಿ ತಟ್ಟೆಯಿದೆ. ಒಬ್ಬರಿಗೆ ದಿನಕ್ಕೆ ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು ಮೊಟ್ಟೆ ಮಾಂಸ ಎಲ್ಲ ಕೂಡಿ 85 ಗ್ರಾಂ, ಶೇಂಗಾ ಎಳ್ಳಿನಂಥ ಬೀಜಗಳು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್. ಎಲ್ಲ ತೂಕವೂ ಬೇಯಿಸುವ ಮೊದಲಿನದು. ಹೊಲದಲ್ಲಿ ದುಡಿಯುವವರಿಗೆ ಇದು ಸಾಲದು. ಕುರ್ಚಿಯ ಕೆಲಸದವರಿಗೆ ಸಾಕು.

ಗ್ರಾಂ ಲೆಕ್ಕದಲ್ಲಿ ಯಾರೂ ಅಡುಗೆ ಮಾಡುವುದಿಲ್ಲ. ಹಾಗಾಗಿ ಇದನ್ನು ನಾಲ್ಕು ಮಂದಿ ದೊಡ್ಡವರಿರುವ ಮನೆಯ ತಿಂಗಳ ಲೆಕ್ಕಕ್ಕೆ ತಿರುಗಿಸೋಣ. ಧಾನ್ಯ 30 ಕಿಲೋ. ಇದರಲ್ಲಿ ಅಕ್ಕಿ, ರಾಗಿ, ಜೋಳ, ಗೋಧಿ ಹಿಟ್ಟಷ್ಟೇ ಅಲ್ಲ, ಉಪ್ಪಿಟ್ಟಿನ ರವೆಯೂ ಅವಲಕ್ಕಿಯೂ ಸೇರಿವೆ. ಬೇಳೆಕಾಳು 10 ಕಿಲೋ; ಮೊಟ್ಟೆ, ಮೀನು, ಮಾಂಸ ತಿನ್ನುವ ಮನೆಯಾದರೆ ಅದಕ್ಕೆ ತಕ್ಕಂತೆ ಕಡಿಮೆ. ಎಣ್ಣೆ ತುಪ್ಪ ಕೂಡಿ ಮೂರೂವರೆ ಲೀಟರ್. ಶೇಂಗಾ, ಎಳ್ಳು, ಗುರೆಳ್ಳು, ಅಗಸೆ ಎಲ್ಲ ಸೇರಿ 4 ಕಿಲೋ. ತರಕಾರಿ ದಿನಕ್ಕೆ 1.6 ಕಿಲೋ.

ಈಗ ನಿಮ್ಮ ಮನೆಯ ಚೀಟಿಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ನಾನು ನೋಡಿದ ಬಹುತೇಕ ಚೀಟಿಗಳಲ್ಲಿ ಧಾನ್ಯ ಮೂವತ್ತು ಕಿಲೋ ದಾಟಿರುತ್ತದೆ, ಎಣ್ಣೆ ಐದು ಲೀಟರಿನ ಡಬ್ಬಿಯಲ್ಲಿ ಬರುತ್ತದೆ, ಬೇಳೆಕಾಳು ಮಾತ್ರ ಮೂರು ನಾಲ್ಕು ಕಿಲೋಗೇ ನಿಲ್ಲುತ್ತದೆ. ನಮ್ಮ ಊಟದ ದೊಡ್ಡ ಕೊರತೆ ಇರುವುದು ಈ ಸಾಲಿನಲ್ಲೇ. ಸಿಹಿತಿಂಡಿ, ಕರಿದ ತಿಂಡಿ, ಬೇಕರಿಯ ಬಗ್ಗೆ ಎಲ್ಲರೂ ಎಚ್ಚರಿಸುತ್ತಾರೆ, ಎಚ್ಚರಿಸಬೇಕಾದದ್ದೇ. ಆದರೆ ನಿತ್ಯದ ಅನ್ನ-ತಿಳಿಸಾರಿನ ಊಟವನ್ನು ಎಲ್ಲರೂ ಸಾತ್ವಿಕವೆಂದು ಬಿಟ್ಟುಬಿಡುತ್ತಾರೆ. ಒಂದು ಹಿಡಿ ತೊಗರಿಬೇಳೆಯಲ್ಲಿ ಇಡೀ ಮನೆಗೆ ಸಾರು, ಅದಕ್ಕೆ ತಟ್ಟೆ ತುಂಬ ಬಿಳಿ ಅನ್ನ, ಬದಿಗೆ ಎರಡು ಚಮಚ ಪಲ್ಯ. ಈ ಊಟದಲ್ಲಿ ಪ್ರೋಟೀನೂ ಕಡಿಮೆ, ನಾರೂ ಕಡಿಮೆ. ಪಿಷ್ಟ ಬೇಗ ಸಕ್ಕರೆಯಾಗಿ ರಕ್ತಕ್ಕೆ ಇಳಿಯುತ್ತದೆ, ಬೇಗ ಹಸಿವೂ ಆಗುತ್ತದೆ, ಮತ್ತೆ ನಾಲ್ಕು ಗಂಟೆಗೆ ಬಿಸ್ಕತ್ತಿನ ಡಬ್ಬಿಗೆ ಕೈ ಹೋಗುತ್ತದೆ.

ಬಿಳಿ ಅನ್ನ ನಮ್ಮಲ್ಲಿ ಎಲ್ಲ ಕಡೆಯೂ ಎಂದಿನಿಂದಲೂ ಇದ್ದದ್ದಲ್ಲ. ಹಳೆ ಮೈಸೂರಿನ ಒಣಭೂಮಿಯಲ್ಲಿ ರಾಗಿ, ಬಯಲುಸೀಮೆಯ ಉತ್ತರದಲ್ಲಿ ಜೋಳ, ಕರಾವಳಿಯಲ್ಲಿ ಕುಚಲಕ್ಕಿ. 1930ರ ದಶಕದಲ್ಲಿ ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದ ಮೇಲೆ ಮಂಡ್ಯದ ಬಯಲುಗಳು ಭತ್ತಕ್ಕೂ ಕಬ್ಬಿಗೂ ತಿರುಗಿದವು. ಅನ್ನ ಅಂತಸ್ತಿನ ಗುರುತಾಗಿದ್ದದ್ದು ಅದಕ್ಕೂ ಹಿಂದಿನಿಂದ. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಅಕ್ಕಿಯೂ ರಾಗಿಯೂ ಯಾರು ಮೇಲೆಂದು ವಾದಕ್ಕೆ ನಿಲ್ಲುವುದು ನಮಗೆಲ್ಲ ಗೊತ್ತು. ಆಮೇಲೆ ಯಂತ್ರದ ಗಿರಣಿಗಳು ಊರೂರಿಗೆ ಬಂದು ಅಕ್ಕಿಯ ತೌಡನ್ನೂ ಮೊಳಕೆಯ ಭಾಗವನ್ನೂ ಪೂರ್ತಿ ಉಜ್ಜಿ ತೆಗೆದವು. ತೌಡಿನ ಜೊತೆ ನಾರೂ ಬಿ ವಿಟಮಿನ್ನುಗಳೂ ಹೋದವು. ಕುಚಲಕ್ಕಿಯಲ್ಲಿ ನಷ್ಟ ಕಡಿಮೆ, ಏಕೆಂದರೆ ಭತ್ತವನ್ನು ಬೇಯಿಸುವಾಗ ಹೊರಪದರದ ವಿಟಮಿನ್ನು ಒಳಕಾಳಿಗೆ ಇಳಿದಿರುತ್ತದೆ.

ಪಾಲಿಶ್ ಅಕ್ಕಿ ಎಷ್ಟು ಹಾನಿ ಮಾಡಬಲ್ಲದೆಂಬುದು ಹಡಗುಗಳಲ್ಲಿ ಬಯಲಾಯಿತು. 1882ರಲ್ಲಿ ಹೊರಟ ಜಪಾನಿನ ರ್ಯೂಜೋ ಎಂಬ ತರಬೇತಿ ಹಡಗಿನ 376 ಮಂದಿಯಲ್ಲಿ 169 ಮಂದಿಗೆ ಬೆರಿಬೆರಿ ಬಂತು. 25 ಮಂದಿ ಸತ್ತರು. ಕಾಲು ಸೋಲುತ್ತದೆ, ಮೈ ಬಾಯುತ್ತದೆ, ಕೊನೆಗೆ ಹೃದಯ ನಿಲ್ಲುತ್ತದೆ. ನೌಕಾಪಡೆಯ ವೈದ್ಯ ತಕಾಕಿ ಕನೆಹಿರೊ ಅದೇ ದಾರಿಯಲ್ಲಿ 1884ರಲ್ಲಿ ತ್ಸುಕುಬಾ ಎಂಬ ಇನ್ನೊಂದು ಹಡಗನ್ನು ಕಳಿಸಿ, ಊಟದಲ್ಲಿ ಅಕ್ಕಿ ತಗ್ಗಿಸಿ ಮಾಂಸ, ಹಾಲು, ಬೇರೆ ಧಾನ್ಯಗಳನ್ನು ಸೇರಿಸಿದರು. ಕಾಯಿಲೆ ಬಿದ್ದವರು ಕೆಲವೇ ಮಂದಿ. ಸಾವು ಒಂದೂ ಇಲ್ಲ. ಕೊರತೆ ಪ್ರೋಟೀನಿನದೆಂದು ಅವರು ತಿಳಿದಿದ್ದರು. ನಿಜವಾಗಿ ಕೊರತೆಯಿದ್ದದ್ದು ತೌಡಿನ ಜೊತೆ ಹೋದ ಥಯಾಮಿನ್ ಎಂಬ ಬಿ ವಿಟಮಿನ್ನಿನದು. ಕಾರಣ ತಪ್ಪಾಗಿದ್ದರೂ ಮದ್ದು ಸರಿಯಾಗಿತ್ತು. ಆಮೇಲೆ ನಡೆದದ್ದು ನಮಗೆ ಇನ್ನೂ ಮುಖ್ಯ. ನಾವಿಕರಿಗೆ ಬ್ರೆಡ್ಡು ಹಿಡಿಸಲಿಲ್ಲ. ಆಗ ಅಕ್ಕಿಯ ಜೊತೆಗೇ ಬಾರ್ಲಿ ಬೆರೆಸಿ ಅನ್ನ ಮಾಡಿಸಿದರು. ಊಟ ಅನ್ನವಾಗಿಯೇ ಉಳಿಯಿತು, ಬೆರಿಬೆರಿ ನೌಕಾಪಡೆಯಿಂದ ಹೆಚ್ಚುಕಡಿಮೆ ಹೋಯಿತು. ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹುಟ್ಟೂ ಇದೇ ಕಾಯಿಲೆಯಿಂದ. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ನೀಲಗಿರಿಯ ಕೂನೂರಿನಲ್ಲಿ ಒಂದು ಸಣ್ಣ ಬೆರಿಬೆರಿ ಸಂಶೋಧನಾ ಘಟಕ ತೆರೆದರು. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಯಿತು.

ಇಂದು ನಮ್ಮನ್ನು ಕಾಡುತ್ತಿರುವುದು ಬೇರೆ ಕಾಯಿಲೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಅದೇ ಅಧ್ಯಯನದ 2025ರ ಬರಹ ಇನ್ನೂ ಕಣ್ಣು ತೆರೆಸುವಂಥದ್ದು. ಭಾರತೀಯರು ದಿನದ ಕ್ಯಾಲೊರಿಯಲ್ಲಿ ಶೇಕಡಾ 62ರಷ್ಟನ್ನು ಕಾರ್ಬೋಹೈಡ್ರೇಟಿನಿಂದಲೇ ಪಡೆಯುತ್ತಾರೆ. ಬಿಳಿ ಅಕ್ಕಿ, ಮೈದಾ ಬಿಟ್ಟು ಅಷ್ಟೇ ಪ್ರಮಾಣದ ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟು ತಿಂದರೆ ಅಪಾಯ ತಗ್ಗಿದಂತೆ ಕಾಣಲಿಲ್ಲ. ತಗ್ಗಿದ್ದು ಆ ಕ್ಯಾಲೊರಿಯಲ್ಲಿ ಶೇಕಡಾ 5ರಷ್ಟನ್ನಾದರೂ ಬೇಳೆಕಾಳಿನ ಅಥವಾ ಹಾಲು ಮೊಸರಿನ ಪ್ರೋಟೀನು ತುಂಬಿದಾಗ.

ಸಿರಿಧಾನ್ಯದ ಅಂಗಡಿಗಳು ಬೀದಿಗೊಂದಾಗಿರುವ ಈ ದಿನಗಳಲ್ಲಿ ಇದನ್ನು ಒತ್ತಿ ಹೇಳಬೇಕು. ರಾಗಿ ಒಳ್ಳೆಯದು, ಸಂಶಯವಿಲ್ಲ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಮಿನ ಆಸುಪಾಸು ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಮೂ ಇಲ್ಲ. ನಾರು ಮೂರು ನಾಲ್ಕು ಪಟ್ಟು. ಆದರೆ ಪಿಷ್ಟ ರಾಗಿಯಲ್ಲೂ ಧಾರಾಳವಾಗಿದೆ, ಪ್ರೋಟೀನು ಅಕ್ಕಿಗಿಂತ ಹೆಚ್ಚಿಲ್ಲ. ಎರಡು ದೊಡ್ಡ ಮುದ್ದೆಗೆ ತಿಳಿಸಾರು ಹುಯ್ದುಕೊಂಡು ಉಂಡರೆ ಅನ್ನ-ಸಾರಿನ ಲೆಕ್ಕವೇ ಮರಳಿ ಬಂದಂತೆ. ಮುದ್ದೆಯ ಊರಿನವರು ಅದನ್ನು ಉಣ್ಣುತ್ತಿದ್ದದ್ದು ಹಾಗಲ್ಲ. ಹುರುಳಿ ಬಸ್ಸಾರು, ಅವರೆಕಾಳಿನ ಹುಳಿ, ಮಸ್ಸೊಪ್ಪು, ಮೊಳಕೆ ಹೆಸರುಕಾಳಿನ ಸಾರು, ಬಾಡೂಟದ ದಿನ ಬಾಡು ಜೊತೆಗಿರುತ್ತಿತ್ತು. ಬಸ್ಸಾರಿನಲ್ಲಿ ಕಾಳೂ ಸೊಪ್ಪೂ ಬೆಂದು, ಬಸಿದ ನೀರು ಸಾರಾಗಿ, ಬಸಿದುಳಿದದ್ದು ಪಲ್ಯವಾಗುತ್ತದೆ. ಒಂದೇ ಒಲೆಯಲ್ಲಿ ಊಟದ ಮುಕ್ಕಾಲು ಪಾಲು ಸಿದ್ಧ. ಉತ್ತರದ ರೊಟ್ಟಿಯ ಊಟದಲ್ಲೂ ಮಡಕಿ ಕಾಳು, ಝುಣಕ, ಪುಂಡಿ ಪಲ್ಯ, ಮೊಸರು, ಶೇಂಗಾ ಚಟ್ನಿ ತಪ್ಪುವುದಿಲ್ಲ. ಮಾರ್ಗಸೂಚಿ ಹೇಳುವ 35 ಗ್ರಾಂ ಬೀಜ ಎಲ್ಲಿಂದ ತರುವುದು ಎಂದು ಬೆಂಗಳೂರಿನವರು ಬಾದಾಮಿಯ ಬೆಲೆ ನೋಡಿ ಹೆದರಬೇಕಾಗಿಲ್ಲ. ಶೇಂಗಾ, ಗುರೆಳ್ಳು, ಅಗಸೆಯ ಹಿಂಡಿ ಕಲಬುರಗಿಯಲ್ಲೂ ವಿಜಯಪುರದಲ್ಲೂ ಮನೆಮನೆಯ ಡಬ್ಬಿಯಲ್ಲಿದೆ.

ಆದ್ದರಿಂದ ಚೀಟಿಯಲ್ಲಿ ಮೊದಲು ತಿದ್ದಬೇಕಾದದ್ದು ಎರಡು ಸಾಲು. ಅಕ್ಕಿಯನ್ನು ಈ ತಿಂಗಳು ಎರಡು ಕಿಲೋ ಕಡಿಮೆ ಬರೆಯಿರಿ, ಹುರುಳಿ, ಹೆಸರು, ಕಡಲೆ, ಅಲಸಂದೆಯಂಥ ಕಾಳನ್ನು ಎರಡು ಕಿಲೋ ಹೆಚ್ಚು ಬರೆಯಿರಿ. ಮುಂದಿನ ತಿಂಗಳು ಮತ್ತೆರಡು. ನಾಲ್ಕು ಜನರ ಮನೆಯಲ್ಲಿ ಎರಡು ಕಿಲೋ ಎಂದರೆ ಒಬ್ಬರಿಗೆ ದಿನಕ್ಕೆ 17 ಗ್ರಾಂ ಅಕ್ಕಿ. ಕೊರತೆ ಯಾರ ಗಮನಕ್ಕೂ ಬಾರದು. ಕಾಳು ಮನೆಗೆ ಬಂದರೆ ರಾತ್ರಿ ನೆನೆಯುತ್ತದೆ, ನೆನೆದರೆ ಬೆಳಿಗ್ಗೆ ಬೇಯಲೇಬೇಕು. ತಟ್ಟೆಯಲ್ಲಿ ಪಲ್ಯ, ಕೋಸಂಬರಿ, ಕಾಳನ್ನು ಮೊದಲು ತಿಂದು ಅನ್ನವನ್ನು ಆಮೇಲೆ ಕಲಸಿಕೊಂಡರೆ ರಕ್ತದ ಸಕ್ಕರೆ ಅಷ್ಟು ಬೇಗ ಏರುವುದಿಲ್ಲ ಎಂಬುದೂ ಪರೀಕ್ಷೆಗಳಲ್ಲಿ ಕಂಡಿದೆ. ಎಲೆಯ ಊಟದಲ್ಲಿ ಕೋಸಂಬರಿ ಪಲ್ಯಗಳನ್ನು ಮೊದಲು ಬಡಿಸುವ ನಮ್ಮ ಪದ್ಧತಿಗೆ ಇದು ಹೊಂದುತ್ತದೆ. ಬಡಿಸಿದ ಮೇಲೆ ಅನ್ನ ಬರುವವರೆಗೆ ಕಾಯುತ್ತ ಕೂರುವುದನ್ನು ಬಿಟ್ಟರೆ ಸಾಕು.

ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಲೇ ತಗ್ಗಿಸಬಾರದು. ಔಷಧಿಯ ಪ್ರಮಾಣ ಹಾಗೇ ಇದ್ದು ಊಟ ಇಳಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವೈದ್ಯರಿಗೆ ಹೇಳಿ, ಅವರೊಡನೆ ಲೆಕ್ಕ ಹಾಕಿ ಮುಂದುವರಿಯಬೇಕು.

ಉಪ್ಪಿನ ಲೆಕ್ಕ ಸರಳ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ದಿನಕ್ಕೆ ಒಬ್ಬರಿಗೆ 5 ಗ್ರಾಂ. ನಾಲ್ವರಿಗೆ ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಪ್ಯಾಕೆಟ್ಟು ಐವತ್ತು ದಿನ ಬರಬೇಕು, ಅದೂ ಹೊರಗಿನ ತಿಂಡಿ ಒಂದಿಷ್ಟೂ ಇಲ್ಲದಿದ್ದರೆ. ಪಶ್ಚಿಮದ ದೇಶಗಳಲ್ಲಿ ಉಪ್ಪಿನ ದೊಡ್ಡ ಪಾಲು ಕಾರ್ಖಾನೆಯ ತಿನಿಸುಗಳಿಂದ ಬರುತ್ತದೆ. ನಮ್ಮಲ್ಲಿ ಇನ್ನೂ ಮನೆಯ ಅಡುಗೆಯಿಂದಲೇ ಹೆಚ್ಚು ಬರುತ್ತದೆ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಅದಕ್ಕೆ ಸೇರುತ್ತವೆ. ಎಂದರೆ ತಗ್ಗಿಸುವುದೂ ನಮ್ಮ ಕೈಯಲ್ಲೇ ಇದೆ. ನಾಲಿಗೆ ಕೆಲವು ವಾರಗಳಲ್ಲಿ ಹೊಂದಿಕೊಳ್ಳತೊಡಗುತ್ತದೆ. ಮೊದಲು ಸಪ್ಪೆ ಎನಿಸಿದ್ದೇ ಎರಡು ಮೂರು ತಿಂಗಳಲ್ಲಿ ಹದವೆನಿಸಿ, ಹಳೆಯ ಸಾರು ಉಪ್ಪಾಗಿ ಕಾಣುತ್ತದೆ. ನಿಂಬೆಹುಳಿ, ಒಗ್ಗರಣೆಯ ಇಂಗು, ಮೆಣಸು ಆ ನಡುವಿನ ದಿನಗಳಿಗೆ ಒತ್ತಾಸೆ. ಪ್ಯಾಕೆಟ್ಟಿನ ತಿಂಡಿ ಕೊಳ್ಳುವಾಗ ಸೋಡಿಯಂ ಎಷ್ಟೆಂದು ನೋಡಿ ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ಸೋಡಿಯಂ ಕಡಿಮೆಯಿರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಬಳಸಕೂಡದು.

ಎಣ್ಣೆಗೆ ಒಂದೇ ಮಾತು: ಮೂರೂವರೆ ಲೀಟರ್ ತಂದು, ತಿಂಗಳು ಮುಗಿಯುವವರೆಗೆ ಮತ್ತೆ ತರಬೇಡಿ.

ಇಂಥ ಸಣ್ಣ ತಿದ್ದುಪಡಿಗಳಿಂದ ಏನಾದೀತು ಎಂದು ಕೇಳುವವರಿಗೆ ಫಿನ್‌ಲೆಂಡಿನ ಉತ್ತರ ಕರೇಲಿಯಾ ಉತ್ತರ ಕೊಟ್ಟಿದೆ. 1970ರ ಸುಮಾರಿಗೆ ಅಲ್ಲಿನ ನಡುವಯಸ್ಸಿನ ಗಂಡಸರು ಹೃದಯಾಘಾತಕ್ಕೆ ಬಲಿಯಾಗುತ್ತಿದ್ದಷ್ಟು ಜಗತ್ತಿನಲ್ಲಿ ಬೇರೆಲ್ಲೂ ಇರಲಿಲ್ಲ. ಬ್ರೆಡ್ಡಿಗೆ ದಪ್ಪ ಬೆಣ್ಣೆ, ಕೆನೆ ಹಾಲು, ಉಪ್ಪು, ಸಿಗರೇಟು, ತರಕಾರಿ ಅಪರೂಪ. ಜನರೇ ಸರಕಾರಕ್ಕೆ ಮನವಿ ಕೊಟ್ಟ ಮೇಲೆ 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಎಳೆಯ ವೈದ್ಯರ ಮುಂದಾಳುತನದಲ್ಲಿ ಕೆಲಸ ಶುರುವಾಯಿತು. ಅವರು ಆಸ್ಪತ್ರೆಯಲ್ಲಿ ಕೂರಲಿಲ್ಲ. ಮಾರ್ಥಾ ಎಂಬ ಮಹಿಳಾ ಸಂಘಟನೆಯ ಹೆಂಗಸರು ಊರೂರಲ್ಲಿ ಸೇರಿ, ಅದೇ ಹಳೆಯ ಅಡುಗೆಗಳನ್ನು ಕೊಬ್ಬು ಉಪ್ಪು ತಗ್ಗಿಸಿ ತರಕಾರಿ ಹೆಚ್ಚಿಸಿ ಬೇಯಿಸಿ, ಒಟ್ಟಿಗೆ ಕೂತು ಉಂಡರು. ಅಂಗಡಿಗಳನ್ನೂ ಆಹಾರ ತಯಾರಕರನ್ನೂ ಒಳಗೆಳೆದುಕೊಂಡರು. ಹಾಲಿನ ಕಸುಬಿನವರಿಗೆ ನಷ್ಟವಾಗದಿರಲು ಬೆರ್ರಿ ಹಣ್ಣು ಬೆಳೆಯಲು ನೆರವಾದರು. ಮೂರು ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ಶೇಕಡಾ 80ರಷ್ಟು ಇಳಿಯಿತು. ಸಿಗರೇಟು ತಗ್ಗಿದ್ದಕ್ಕೂ ಇದರಲ್ಲಿ ಪಾಲಿದೆ, ಆದರೆ ಎಲ್ಲಕ್ಕಿಂತ ದೊಡ್ಡ ಪಾಲು ಊಟದ ಬದಲಾವಣೆಯದು.

ನಮ್ಮಲ್ಲಿಯೂ ಮನೆಯ ಚೀಟಿಯೊಂದೇ ಎಲ್ಲವನ್ನೂ ಮಾಡಲಾರದು. 2013ರಲ್ಲಿ ಬಂದ ಅನ್ನಭಾಗ್ಯ ಹಸಿವನ್ನು ದೂರ ಇಟ್ಟಿತು. ಅದರ ಬಗ್ಗೆ ಹಗುರಾಗಿ ಮಾತಾಡುವವರ ಜೊತೆ ನಾನಿಲ್ಲ. ಆದರೆ ಅಕ್ಕಿ ಉಚಿತವಾಗಿ ಸಿಕ್ಕು ಬೇಳೆ ದುಬಾರಿಯಾದರೆ ಬಡವರ ತಟ್ಟೆ ಅಕ್ಕಿಯಿಂದಲೇ ತುಂಬುತ್ತದೆ. ದಕ್ಷಿಣದ ಪಡಿತರದಲ್ಲಿ ರಾಗಿ, ಉತ್ತರದಲ್ಲಿ ಜೋಳ ಸೇರಿದ್ದು ಒಳ್ಳೆಯದಾಯಿತು. ಬೇಳೆಯೂ ಖಾಯಂ ಆಗಿ ಸೇರಬೇಕೆಂಬ ಬೇಡಿಕೆ ನ್ಯಾಯವಾದದ್ದು.

ಕೊನೆಗೆ, ಚೀಟಿ ಸರಿಯಾದರೂ ತಟ್ಟೆಗಳ ನಡುವೆ ಹಂಚಿಕೆ ಸರಿಯಾಗದೆ ಉಳಿಯಬಹುದು. ಬಹಳಷ್ಟು ಮನೆಗಳಲ್ಲಿ ಅಡುಗೆ ಮಾಡಿದವಳು ಕೊನೆಗೆ ಉಣ್ಣುತ್ತಾಳೆ. ಅಷ್ಟು ಹೊತ್ತಿಗೆ ಪಲ್ಯ, ಮೊಟ್ಟೆ, ಮೊಸರು ಖಾಲಿ. ಉಳಿದಿರುವುದು ಅನ್ನ ಮತ್ತು ಸಾರಿನ ತಿಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇರುವುದು ಕಂಡಿದೆ. ಹೆಚ್ಚು ಕಾಳು ತಂದು, ಹೆಚ್ಚು ಸೊಪ್ಪು ಬೇಯಿಸಿ, ಅದನ್ನೂ ಅವಳ ಪಾಲಿಗೆ ಉಳಿಸದಿದ್ದರೆ ಆ ಮನೆಯ ಊಟ ಸುಧಾರಿಸಿತೆಂದು ಹೇಳಲಾಗದು. ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಆಗದಿದ್ದರೆ ಬಡಿಸುವ ಮೊದಲೇ ಅವಳ ಪಾಲಿನ ಕಾಳು, ಸೊಪ್ಪು, ಮೊಸರನ್ನು ತೆಗೆದಿಡಿ.