ಮೊಳೆ ಹುಡುಕುವ ಆಚಾರ್ರು

ಗುಡಿಗಾರರ ಕೆತ್ತನೆಗೆ ಹೆಸರಾದ ಸಾಗರದಲ್ಲಿ, ಸುತ್ತಲಿನ ಬಡಗಿಗಳೆಲ್ಲ ಹಲಗೆ ಹೊತ್ತು ತರುವ ಮರ ಹೆರೆಯುವ ಪ್ಲೇನರ್ ಯಂತ್ರದ ಶೆಡ್ಡೊಂದಿದೆ. ಹಲಗೆ ಯಂತ್ರಕ್ಕೆ ಹೋಗುವ ಮೊದಲು ಅಲ್ಲಿನ ಆಚಾರ್ರ ಕೈ ದಾಟಬೇಕು. ಹಳೇ ರೇಡಿಯೊ ಸ್ಪೀಕರಿನಿಂದ ಕಿತ್ತ ಆಯಸ್ಕಾಂತವನ್ನು ಅವರು ದಾರಕ್ಕೆ ಕಟ್ಟಿಕೊಂಡಿದ್ದಾರೆ. ಅದನ್ನು ಹಲಗೆಯ ಮೇಲೆ ಒಂದು ಬೆರಳು ಎತ್ತರದಲ್ಲಿ ನಿಧಾನಕ್ಕೆ ಒಯ್ಯುತ್ತಾರೆ. ಎಲ್ಲೋ ಒಂದು ಕಡೆ ದಾರ ಓರೆಯಾಗುತ್ತದೆ. ಅಲ್ಲಿ ಉಳಿಯಿಂದ ಕೆತ್ತಿ, ತಲೆ ಮುರಿದ ಮೊಳೆ ಹೊರತೆಗೆದು ಡಬ್ಬಿಗೆ ಹಾಕುತ್ತಾರೆ. ಹಿತ್ತಾಳೆ ತಿರುಪು ಆಯಸ್ಕಾಂತಕ್ಕೆ ಸಿಗದು, ಅದಕ್ಕೆ ಕಣ್ಣೇ ಗತಿ. ಬಿರುಕಿನಲ್ಲಿ ಕೂತ ಗೆದ್ದಲು ಮಣ್ಣಿಗೆ ತಂತಿ ಬ್ರಷ್ಷು.

ಯಂತ್ರ ಒಂದೇ, ಬರುವವರು ಹತ್ತಾರು ಜನ. ಒಬ್ಬನ ಮೊಳೆ ತಾಗಿ ಅಲಗಿಗೆ ಕಚ್ಚು ಬಿದ್ದರೆ, ಸಾಣೆ ಹಿಡಿಸುವವರೆಗೂ ಉಳಿದವರ ಹಲಗೆಗಳ ಮೇಲೆಲ್ಲ ಕೂದಲೆಳೆಯಂಥ ಉಬ್ಬುಗೆರೆ ಮೂಡುತ್ತದೆ. ಗೆರೆ ನೋಡಿದವರು ಮೊಳೆ ತಂದವನನ್ನಲ್ಲ, ಆಚಾರ್ರನ್ನೇ ಬೈಯುವುದು.

ಸುತ್ತುವ ಅಲಗಿಗೆ ರೋಲರುಗಳನ್ನು ಜೋಡಿಸಿದ ಇಂಥ ಯಂತ್ರಕ್ಕೆ ಅಮೆರಿಕದ ವಿಲಿಯಂ ವುಡ್‌ವರ್ತ್ 1828ರಲ್ಲಿ ಪೇಟೆಂಟ್ ಪಡೆದ. ಈ ಶೆಡ್ಡಿಗೆ ಯಾವಾಗ ಬಂತೆಂದರೆ ಆಚಾರ್ರ ಬಳಿ ಇಸವಿ ಇಲ್ಲ. "ಅಪ್ಪ ಹತ್ರಿ ಹೊಡೆಯೋದು ಬಿಟ್ಟ ವರ್ಷ" ಅನ್ನುತ್ತಾರೆ.

ಸೊಟ್ಟ ಹಲಗೆಯನ್ನು ಪ್ಲೇನರ್ ತೆಳ್ಳಗೆ ಮಾಡೀತು, ನೆಟ್ಟಗೆ ಮಾಡದು. ಆದ್ದರಿಂದ ಕೆಳಮೈಯನ್ನು ಮೊದಲೇ ಸಮ ಮಾಡಿ ತರಬೇಕು. ಒಂದು ಸಲಕ್ಕೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ತೆಗೆಯಲು ಅವರು ಒಪ್ಪುವುದಿಲ್ಲ. ಒಂದಡಿಗಿಂತ ಗಿಡ್ಡ ತುಂಡು ತಂದರೆ ವಾಪಸ್ಸು. ಒಂದು ರೋಲರು ಬಿಟ್ಟು ಇನ್ನೊಂದು ಹಿಡಿಯುವುದರೊಳಗೆ ಅಲಗು ಅದನ್ನು ಹಿಂದಕ್ಕೆ ಎಸೆದೀತು. ಹಲಗೆಯ ನೇರಕ್ಕೆ ಯಾರೂ ನಿಲ್ಲುವಂತಿಲ್ಲ. "ಪಕ್ಕಕ್ಕೆ ಬಾ ತಮ್ಮಾ, ಬಗ್ಗಿ ಏನು ನೋಡ್ತೀಯ?" ಎಂಬ ಕೂಗು ನಾನಿದ್ದಷ್ಟು ಹೊತ್ತೂ ಕೇಳುತ್ತಿತ್ತು. ಹೆಗಲ ಟವೆಲ್ಲು ಬಾಗಿಲಾಚೆಯೇ ಉಳಿಯಬೇಕು. ಕೈಗವಸೂ ಅಷ್ಟೇ; ರೋಲರು ಬಟ್ಟೆ ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಅಲಗು ಬದಲಿಸುವಾಗ ಆಚಾರ್ರು ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ಹತ್ತು ಜನ ಓಡಾಡುವ ಕಡೆ ಸ್ವಿಚ್ಚನ್ನು ನಂಬುವುದು ಹೇಗೆ?

ತಮ್ಮ ಕಿವಿಗೆ ಮಾತ್ರ ಅವರು ಹತ್ತಿಯನ್ನೂ ಇಟ್ಟುಕೊಂಡವರಲ್ಲ. ಬಲಗಿವಿ ಕೇಳಿಸುವುದಿಲ್ಲ, ಎಡಗಡೆ ನಿಂತು ಮಾತಾಡಿಸಬೇಕು. ಮೂಗಿಗೂ ಏನಿಲ್ಲ. ಮರದ ಧೂಳು 1995ರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ ಎಂದರೆ ನಗುತ್ತಾರೆ. ಅಲಗಿನ ಮೇಲಿರುವ ಕಾಳಜಿಯ ಅರ್ಧದಷ್ಟಾದರೂ ತಮ್ಮ ಮೇಲೆ ಇಟ್ಟುಕೊಳ್ಳಬಾರದೇ ಅನ್ನಿಸಿತು.

ಹೊಸ ಮನೆಗಳ ಬಾಗಿಲು ಈಗ ಕಾರ್ಖಾನೆಯಿಂದ ಲಾರಿಯಲ್ಲಿ ಬಂದಿಳಿಯುತ್ತದೆ. ಪ್ಲೈವುಡ್ಡಿನ ಅಂಟು ಅಲಗಿನ ಹರಿತ ತಿನ್ನುವುದರಿಂದ ಅದನ್ನು ಆಚಾರ್ರು ಯಂತ್ರದ ಹತ್ತಿರ ಬಿಡುವುದಿಲ್ಲ. ಇಲ್ಲಿಗೆ ಬರುವುದು ಹೆಚ್ಚಾಗಿ ಕೆಡವಿದ ಮನೆಗಳ ತೊಲೆ, ಮುಚ್ಚಿಗೆ ಹಲಗೆ. ಅದಕ್ಕೇ ಅಷ್ಟೊಂದು ಮೊಳೆ. ಇನ್ನೆಷ್ಟು ಹಳೇ ಮನೆ ಉಳಿದಿವೆ ಎಂದು ಕೇಳಿದೆ. ತಮ್ಮ ಕೇರಿಯಿಂದ ಶುರುಮಾಡಿ ಒಂದೊಂದೇ ಮನೆಯ ಹೆಸರು ಹೇಳುತ್ತ ಬೆರಳು ಮಡಚಿದರು. ಎರಡನೇ ಕೈ ಬೇಕಾಗಲಿಲ್ಲ.